ಹನ್ನೊಂದು ವರ್ಷದ ಕುಂಕುಮ

"ಗುರುಗಳೇ, ಹಟ ಹಿಡಿದು ಕೂತವರನ್ನು ಅಲುಗಾಡಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಮಠದ ಜಗುಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದರು. ಪ್ರಶ್ನೆ ತಂದವರ ಮುಂದೆ ಅವರು ಮೊದಲು ಒಂದು ಹಿಡಿ ಕಾಳು ಸುರಿಯುತ್ತಿದ್ದರು. ಪ್ರಶ್ನೆ ದೊಡ್ಡದಾದರೆ ಕಾಳೂ ಹೆಚ್ಚು. ಶಿಷ್ಯನ ಮುಖ ನೋಡಿ ಎರಡು ಹಿಡಿ ಸುರಿದರು.

"ಯಾರ ಹಟ?"

"ನಮ್ಮ ಅಮ್ಮನದು. ಎರಡು ಕಣ್ಣಿಗೂ ಪೊರೆ ಬಂದಿದೆ. ಇನ್ನು ತಡಮಾಡಬೇಡಿ, ಈ ತಿಂಗಳೇ ಆಪರೇಷನ್ ಮಾಡಿಸಿ ಅಂದಿದ್ದಾರೆ ಡಾಕ್ಟರು. ಅಮ್ಮ ಒಲ್ಲೆ ಎಂದು ಕೂತುಬಿಟ್ಟಿದ್ದಾರೆ. ಬುದ್ಧಿ ಹೇಳಿದೆ. ಗದರಿದೆ. ಅಕ್ಕನನ್ನು ಊರಿಂದ ಕರೆಸಿ ಅಮ್ಮನ ಮುಂದೆ ಅಳಿಸಿದೆ. ಊಟ ಬಿಟ್ಟೆ. ಅವರೂ ಬಿಟ್ಟರು, ನನಗಿಂತ ಒಂದು ಹೊತ್ತು ಹೆಚ್ಚೇ ಬಿಟ್ಟರು. ದಿನಾ ಬೆಳಿಗ್ಗೆ ಕಾಲಿಗೆ ಬೀಳುತ್ತೇನೆ. ನನಗೆ ಅವರು ದೇವರ ಸಮಾನ. ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡುತ್ತಾರೆ. ಆಸ್ಪತ್ರೆಗೆ ಮಾತ್ರ ಬರುವುದಿಲ್ಲ."

"ಹಿದುಕು," ಎಂದರು ಗುರುಗಳು. "ಹಿದುಕುತ್ತಾ ಕೇಳು."

ಒಂದು ಊರಿನಲ್ಲಿ ಒಬ್ಬ ಗೃಹಸ್ಥನಿದ್ದ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ. ಅವನ ಹೆಸರು ಹೇಳುವುದು ಬೇಡ. ಅವನಿನ್ನೂ ಅದೇ ಬೀದಿಯಲ್ಲಿದ್ದಾನೆ, ಮರ್ಯಾದಸ್ಥ.

ಅವನಲ್ಲಿ ಒಂದು ಹಳೆಯ ಕಾರಿತ್ತು. ಹನ್ನೊಂದು ವರ್ಷದ ಹಿಂದೆ ಕೊಂಡದ್ದು. ಕೊಳ್ಳುವಾಗಲೇ ಅದು ಇನ್ನೊಬ್ಬರ ಮನೆಯಲ್ಲಿ ಬಾಳಿ ಬಂದದ್ದು. ಆದರೂ ಅವನ ಮಕ್ಕಳಿಬ್ಬರೂ ಹುಟ್ಟಿ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದರಲ್ಲೇ. ಅವನು ಅದನ್ನು ಮನೆಯ ಮೂರನೆಯ ಮಗುವಿನಂತೆ ನೋಡಿಕೊಳ್ಳುತ್ತಿದ್ದ. ಹೆಂಡತಿಯ ಪ್ರಕಾರ ಮೊದಲನೆಯದರಂತೆ.

ಆ ಕಾರು ಎಣ್ಣೆ ಸೋರಲು ಶುರುಮಾಡಿತು. ದಿನಕ್ಕೆ ನಾಲ್ಕು ಹನಿ, ಆಮೇಲೆ ಹತ್ತು ಹನಿ. ಕಾರು ನಿಲ್ಲುವುದು ಅಂಗಳದಲ್ಲಿ. ಹೆಂಡತಿ ರಂಗೋಲಿ ಬಿಡಿಸುವುದೂ ಅದೇ ಅಂಗಳದಲ್ಲಿ. ಅವಳು ಬೆಳಿಗ್ಗೆ ಎದ್ದು ಚುಕ್ಕಿ ಇಡಲು ಬಂದರೆ ಕಾರು ಆಗಲೇ ಇಟ್ಟಿರುತ್ತಿತ್ತು.

ಮೆಕ್ಯಾನಿಕ್ ಬಂದು ನೋಡಿ, ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹೋಗಿದೆ ಎಂದ. ಇಂಜಿನ್ನಿನ ನೆತ್ತಿಯ ಮೇಲೆ ಮುಚ್ಚಳದ ಹಾಗೆ ಕೂರುವ ಲೋಹದ ತುಂಡು ಟ್ಯಾಪೆಟ್ ಕವರು. ಅದರ ಅಂಚಿಗೂ ಇಂಜಿನ್ನಿಗೂ ನಡುವೆ ಎಣ್ಣೆ ಆಚೆ ಬರದಂತೆ ಒಂದು ರಬ್ಬರಿನ ಪಟ್ಟಿ. ಅದೇ ಪ್ಯಾಕಿಂಗ್. ಮುಚ್ಚಳ ತೆಗೆಯುವುದು, ಹಳೆಯ ಪಟ್ಟಿ ಕಿತ್ತು ಹೊಸದು ಹಾಕುವುದು, ಮುಚ್ಚಳ ಮುಚ್ಚುವುದು. "ಇಷ್ಟೇ ತಾನೇ? ಇದನ್ನು ನಾನೇ ಮಾಡಿಕೊಳ್ಳುತ್ತೇನೆ," ಎಂದ ಗೃಹಸ್ಥ. ಮೆಕ್ಯಾನಿಕ್ ನಗುತ್ತಾ ಸ್ಕೂಟರ್ ಹತ್ತಿ ಹೋದ.

ಗೃಹಸ್ಥ ಹೊಸ ಪ್ಯಾಕಿಂಗ್ ತಂದಿಟ್ಟ. ಒಂದು ಭಾನುವಾರ ಕಳೆಯಿತು. ನಾಲ್ಕು ಭಾನುವಾರ ಕಳೆದವು. ಐದನೆಯ ವಾರ ಹೆಂಡತಿ ಹೇಳಿದಳು, "ರೀ, ಈ ಭಾನುವಾರ ಸಂಜೆ ನಾಲ್ಕಕ್ಕೆ ಗುಜರಿಯವನು ಬರುತ್ತಾನೆ. ಬರಲು ಹೇಳಿದ್ದೇನೆ. ಅಷ್ಟು ಹೊತ್ತಿಗೆ ಎಣ್ಣೆ ನಿಂತಿದ್ದರೆ ಕಾರು ನಿಮ್ಮದು. ಇಲ್ಲದಿದ್ದರೆ ಅವನದು."

ಅವಳು ತಮಾಷೆಗೆ ಹೇಳುವವಳಲ್ಲ. ಹಿಂದೊಮ್ಮೆ ಅವನ ಹಳೆಯ ರೇಡಿಯೊ ವಿಷಯದಲ್ಲೂ ಇದೇ ಮಾತು ಹೇಳಿದ್ದಳು. ಆ ರೇಡಿಯೊ ಈಗ ಎಲ್ಲಿದೆಯೋ ಅವನಿಗೆ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಗೃಹಸ್ಥ ಬಾನೆಟ್ ಎತ್ತಿದ. ಇದಕ್ಕೆ ಮುಂಚೆ ಫೋನಿನಲ್ಲಿ ಒಂದು ವಿಡಿಯೊವನ್ನು ಮೂರು ಸಲ ನೋಡಿದ್ದ. ಅದೇ ಕಂಪನಿಯ ಕಾರು, ಇವನದಕ್ಕಿಂತ ಎರಡು ವರ್ಷ ಹೊಸದು. ವಿಡಿಯೊದವನು ಅಂಚಿನ ಆರು ಬೋಲ್ಟು ಬಿಚ್ಚಿ, ಕವರನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, ಕ್ಯಾಮೆರಾ ನೋಡಿ ನಕ್ಕಿದ್ದ.

ಗೃಹಸ್ಥನೂ ಆರು ಬೋಲ್ಟು ಬಿಚ್ಚಿದ. ಕಳೆದುಹೋಗಬಾರದೆಂದು ಅಡುಗೆಮನೆಯಿಂದ ಒಂದು ಸ್ಟೀಲ್ ಬಟ್ಟಲು ತಂದು ಅದರಲ್ಲಿ ಹಾಕಿದ. ಎರಡು ಬೆರಳಲ್ಲಿ ಕವರು ಎತ್ತಿದ. ಅದು ಬರಲಿಲ್ಲ. ಎರಡು ಕೈಯಲ್ಲಿ ಎತ್ತಿದ. ಬರಲಿಲ್ಲ. ಕ್ಯಾಮೆರಾ ಇಲ್ಲವಾದ್ದರಿಂದ ನಗುವ ಅಗತ್ಯವೂ ಬೀಳಲಿಲ್ಲ.

ಹಳೆಯ ಪ್ಯಾಕಿಂಗ್ ಅಂಟಿಕೊಂಡಿರಬೇಕು ಎಂದು ಅಂದಾಜು ಮಾಡಿದ. ಅಂಚಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದ. ಅಂಚು ಸ್ವಲ್ಪ ಎದ್ದಿತು. ಸುತ್ತಲೂ ಮೀಟಿಕೊಂಡು ಬಂದ. ಸುತ್ತಲೂ ಎದ್ದಿತು. ಕವರು ಮಾತ್ರ ಇದ್ದಲ್ಲೇ ಇತ್ತು. ಇನ್ನಷ್ಟು ಬಲ ಹಾಕಿದ. ಸ್ಕ್ರೂಡ್ರೈವರ್ ಬಗ್ಗಿತು.

"ಹಟಮಾರಿ," ಎಂದ ಕಾರಿಗೆ.

ಪಕ್ಕದ ಮನೆಯಲ್ಲಿ ಒಬ್ಬ ಬಸ್ ಡ್ರೈವರ್ ಇದ್ದ. ಮೂವತ್ತೈದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಬೀದಿಯಲ್ಲಿ ಯಾರ ಬಾನೆಟ್ ಎದ್ದರೂ ಅವನಿಗೆ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಕೈಯಲ್ಲಿ ಕಾಫಿ ಲೋಟ ಹಿಡಿದೇ ಬಂದ.

"ಏನು ಮೇಷ್ಟ್ರೇ, ಬರುತ್ತಿಲ್ಲವಾ?"

"ಎಷ್ಟು ಎಳೆದರೂ ಬರುತ್ತಿಲ್ಲ ಅಣ್ಣ. ಹಟ ಹಿಡಿದಿದೆ."

"ಹಿಡಿಯುತ್ತೆ. ಕಬ್ಬಿಣಕ್ಕೆ ಮನುಷ್ಯರಿಗಿಂತ ಹೆಚ್ಚು ಹಟ. ನನ್ನ ಸರ್ವಿಸಿನಲ್ಲಿ ಎಂತೆಂಥ ಹಟ ಬಿಡಿಸಿದ್ದೇನೆ. ಒಂದು ಸಲ ಘಾಟಿಯಲ್ಲಿ ಗೇರ್ ಸಿಕ್ಕಿಹಾಕಿಕೊಂಡು ಕೂತಿತು, ಐವತ್ತು ಜನ ಪ್ಯಾಸೆಂಜರು, ಏನು ಮಾಡಿದೆ ಅಂತೀರಿ?"

"ಏನು ಮಾಡಿದಿರಿ?"

"ಇನ್ನೊಂದು ಬಸ್ಸು ಬಂತು, ಅದರಲ್ಲಿ ಹೋದೆವು. ಅದು ಬೇರೆ ಮಾತು. ಕೊಬ್ಬರಿ ಎಣ್ಣೆ ತನ್ನಿ."

ಕೊಬ್ಬರಿ ಎಣ್ಣೆ ಬಂತು. ಅಂಚಿಗೆಲ್ಲ ಬಿಟ್ಟು ಅರ್ಧ ಗಂಟೆ ಕಾದರು. ಕವರು ಮಿರಿಮಿರಿ ಮಿಂಚಿತು, ಏಳಲಿಲ್ಲ. ಕುದಿಯುವ ನೀರು ಬಂತು. ಅಂಚಿಗೆ ಸುರಿದರು. ಏಳಲಿಲ್ಲ. ಕವರಿನ ಪಕ್ಕೆಗೆ ಹಲಗೆಯ ತುಂಡು ಆನಿಸಿ ಸುತ್ತಿಗೆಯಲ್ಲಿ ತಟ್ಟಿದರು. ಮೊದಲು ಮೆಲ್ಲಗೆ, ಆಮೇಲೆ ಮೆಲ್ಲಗಲ್ಲದೆ. ಬೀದಿನಾಯಿ ಎದ್ದು ಹೋಯಿತು. ಕವರು ಹೋಗಲಿಲ್ಲ.

ಹೆಂಡತಿ ಅಷ್ಟು ಹೊತ್ತೂ ಒಳಗೇ ಇದ್ದಳು. ಆಚೆ ಬಂದು ನೋಡಬಾರದು ಎಂದು ತೀರ್ಮಾನ ಮಾಡಿದ್ದಳು. ಆದರೆ ಕೊಬ್ಬರಿ ಎಣ್ಣೆ, ಬಿಸಿನೀರು, ಬಟ್ಟಲು ಒಂದೊಂದಾಗಿ ಅಡುಗೆಮನೆಯಿಂದ ಮಾಯವಾಗುತ್ತಿದ್ದುದರಿಂದ ಆಚೆ ಕೆಲಸ ಎಲ್ಲಿಗೆ ಬಂದಿದೆ ಎಂದು ಅವಳಿಗೆ ಕೂತಲ್ಲೇ ಗೊತ್ತಾಗುತ್ತಿತ್ತು.

ಮಧ್ಯಾಹ್ನ ಎರಡಾಯಿತು. ಡ್ರೈವರ್ ಮನೆಯಿಂದ ಒಂದು ಬಿದಿರಿನ ಗಳ ತಂದ. ಕವರಿನ ಎರಡು ತುದಿಗೂ ಹಗ್ಗ ಬಿಗಿದು ಗಳಕ್ಕೆ ಕಟ್ಟಿದ. ಒಂದು ಕಡೆ ಗೃಹಸ್ಥ, ಇನ್ನೊಂದು ಕಡೆ ಡ್ರೈವರ್, ಇಬ್ಬರೂ ಪಲ್ಲಕ್ಕಿ ಹೊರುವವರ ಹಾಗೆ ಗಳಕ್ಕೆ ಹೆಗಲು ಕೊಟ್ಟರು. ಉಸಿರು ಬಿಗಿಹಿಡಿದು ಎತ್ತಿದರು.

"ಬಂತು ಮೇಷ್ಟ್ರೇ, ಬಂತು, ಬಿಡಬೇಡಿ, ಬರುತ್ತಿದೆ."

ನಿಜವಾಗಿಯೂ ಏನೋ ಮೇಲೆ ಬರುತ್ತಿತ್ತು. ಗೃಹಸ್ಥ ಕಣ್ಣು ತೆರೆದು ನೋಡಿದ. ಕಾರಿನ ಮೂತಿಯೇ ಸ್ಪ್ರಿಂಗಿನ ಮೇಲೆ ನಾಲ್ಕು ಬೆರಳು ಎದ್ದಿತ್ತು. ಕವರು ಇಂಜಿನ್ನನ್ನು ಬಿಟ್ಟಿರಲಿಲ್ಲ, ಇಂಜಿನ್ನನ್ನು ಕರೆದುಕೊಂಡೇ ಬರುತ್ತಿತ್ತು.

ಅಷ್ಟರಲ್ಲಿ ಕವರು ಕಿರ್ ಎಂದಿತು.

ಇಬ್ಬರೂ ಗಳ ಇಳಿಸಿದರು. ಇನ್ನೊಂದು ಸಲ ಎಳೆದರೆ ಒಡೆಯುತ್ತದೆ ಎಂದು ಇಬ್ಬರಿಗೂ ಗೊತ್ತಾಯಿತು. ಆ ಕಾರು ತಯಾರಾಗುವುದು ನಿಂತು ಎಷ್ಟೋ ಕಾಲವಾಗಿತ್ತು. ಅಂಥ ಕವರು ಈಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಒಡೆದರೆ ಗುಜರಿಯವನಿಗೆ ಕಾಯುವುದೊಂದೇ ಕೆಲಸ.

ಗೃಹಸ್ಥ ಮಡ್‌ಗಾರ್ಡಿನ ಮೇಲೆ ಕೈಯೂರಿ ನಿಂತ. ಮೊದಲ ಮಗುವನ್ನು ತರುವಾಗ ಹೆಂಡತಿ ಹಿಂದಿನ ಸೀಟಿನಲ್ಲಿ ಕೂತು, ನಿಧಾನ, ನಿಧಾನ ಎಂದು ಹೇಳುತ್ತಾ ಬಂದದ್ದು ನೆನಪಾಯಿತು. ಅವನು ಅಂದು ಎಷ್ಟು ನಿಧಾನ ಓಡಿಸಿದ್ದನೆಂದರೆ ಸೈಕಲ್ಲಿನವರು ಬೈದು ಮುಂದೆ ಹೋಗಿದ್ದರು.

ಗಂಟೆ ಮೂರಾಗಿತ್ತು.

"ಇನ್ನು ಒಂದೇ ದಾರಿ," ಎಂದ ಡ್ರೈವರ್. ಅವನ ಕೈಯಲ್ಲಿ ಈಗ ಒಂದು ಉಳಿ ಇತ್ತು. "ಅಂಚಿಗೆ ಇದನ್ನಿಟ್ಟು ದೊಡ್ಡ ಸುತ್ತಿಗೆಯಲ್ಲಿ ಒಂದೇ ಏಟು. ಬಂದರೆ ಬಂತು. ಒಡೆದರೆ ಒಡೆಯಿತು. ನಾಲ್ಕಕ್ಕೆ ಹೇಗಿದ್ದರೂ ಹೋಗುವುದೇ ತಾನೇ."

ಗೃಹಸ್ಥ ಉಳಿ ಕೈಗೆ ತೆಗೆದುಕೊಂಡ. ಕವರನ್ನು ನೋಡಿದ. ಕವರಿನ ನಟ್ಟನಡುವೆ ಒಂದು ಕುಳಿ. ಅದರ ತುಂಬ ಕುಂಕುಮ. ಪ್ರತಿ ವರ್ಷ ಆಯುಧಪೂಜೆಯ ದಿನ ಅವನು ಬಾನೆಟ್ ಎತ್ತಿ, ಇಂಜಿನ್ನಿಗೆ ವಿಭೂತಿ ಬಳಿದು, ಗಂಧವಿಟ್ಟು, ಸರಿಯಾಗಿ ಆ ಕುಳಿಯಲ್ಲೇ ಹೆಬ್ಬೆರಳಿನಲ್ಲಿ ಕುಂಕುಮ ಒತ್ತುತ್ತಿದ್ದ. ಬೊಟ್ಟಿಡಲೆಂದೇ ಮಾಡಿದ ಹಾಗಿತ್ತು ಆ ಜಾಗ. ಹನ್ನೊಂದು ವರ್ಷದಲ್ಲಿ ಒಂದು ವರ್ಷವೂ ತಪ್ಪಿಸಿರಲಿಲ್ಲ, ಒಂದು ಸಲವೂ ಒರೆಸಿರಲಿಲ್ಲ. ಮೆಕ್ಯಾನಿಕ್ಕು ಕೂಡ ಅದನ್ನು ಮುಟ್ಟದೆ ದೂರದಿಂದಲೇ ಕೈಮುಗಿದು ಕೆಲಸ ಮಾಡುತ್ತಿದ್ದ. ಬೆಳಗಿನಿಂದ ಇವರಿಬ್ಬರೂ ಎಣ್ಣೆ, ನೀರು, ಸುತ್ತಿಗೆ ಎಲ್ಲವನ್ನೂ ಆ ಬೊಟ್ಟಿಗೆ ತಾಗದ ಹಾಗೆ ಜೋಪಾನವಾಗಿಯೇ ಪ್ರಯೋಗಿಸಿದ್ದರು.

ಗೃಹಸ್ಥನಿಗೆ ಏಟು ಹಾಕಲು ಕೈ ಬರಲಿಲ್ಲ. ಉಳಿ ಕೆಳಗಿಟ್ಟು, ಅಡುಗೆಮನೆ ಬಾಗಿಲಿಗೆ ಹೋಗಿ, "ಸ್ವಲ್ಪ ಕುಂಕುಮ ಕೊಡೇ," ಎಂದ.

"ಯಾತಕ್ಕೆ?"

"ಒಡೆಯುವ ಮುಂಚೆ ಒಂದು ತಪ್ಪೊಪ್ಪಿಗೆ. ಹೊಸದಾಗಿ ಒಂದು ಬೊಟ್ಟಿಟ್ಟು, ನಮಸ್ಕಾರ ಮಾಡಿ, ಆಮೇಲೆ ಹೊಡೆಯುತ್ತೇನೆ."

ಎಣ್ಣೆ ಕೇಳಿದಾಗ ಅವಳು ಎದ್ದಿರಲಿಲ್ಲ. ನೀರು ಕೇಳಿದಾಗಲೂ ಎದ್ದಿರಲಿಲ್ಲ. ಕುಂಕುಮ ಕೇಳಿದ್ದಕ್ಕೆ ಎದ್ದಳು. ಭರಣಿ ಹಿಡಿದು ಆಚೆ ಬಂದು, ಎಂಟೂವರೆಯಿಂದ ಮೊದಲ ಸಲ ಬಾನೆಟ್ ಒಳಗೆ ಇಣುಕಿದಳು.

ಅವಳಿಗೆ ಬೋಲ್ಟು, ಪ್ಯಾಕಿಂಗ್ ಯಾವುದೂ ತಿಳಿಯುತ್ತಿರಲಿಲ್ಲ. ಅವಳಿಗೆ ಕಂಡದ್ದು ಒಂದೇ.

"ಇದನ್ನು ತಿಕ್ಕಿ ಎಷ್ಟು ಕಾಲವಾಯಿತು?"

"ತಿಕ್ಕುವುದೇ? ಪೂಜೆಯ ಕುಂಕುಮವನ್ನು ತಿಕ್ಕುತ್ತಾರೇನೇ?"

"ಶುಕ್ರವಾರ ಬಂದರೆ ನಾನು ದೇವರನ್ನೇ ಹುಣಸೆಹಣ್ಣು ಹಾಕಿ ತಿಕ್ಕುತ್ತೇನೆ. ಮೂಗು, ಕಿವಿ, ಬೆನ್ನು ಯಾವುದನ್ನೂ ಬಿಡುವುದಿಲ್ಲ. ಇದುವರೆಗೆ ದೇವರು ಬೇಜಾರು ಮಾಡಿಕೊಂಡಿಲ್ಲ. ನಿಮ್ಮ ಕಾರು ಮಾಡಿಕೊಳ್ಳುತ್ತಾ? ಹಳೆಯದನ್ನು ತೆಗೆಯದೆ ಅದರ ಮೇಲೇ ಇಡುತ್ತಾ ಹೋದರೆ ಅದು ಬೊಟ್ಟಲ್ಲ, ಗಾರೆ. ಸರೀರಿ ಆ ಕಡೆ."

ಡ್ರೈವರ್ ಗಾಬರಿಯಾದ. "ತಾಯಿ, ಅದನ್ನು ಮುಟ್ಟಬೇಡಿ. ಗಾಡಿಯ ಬೊಟ್ಟು ಅದು."

"ನೀವು ಉಳಿ ಇಡಬಹುದು, ನಾನು ಕೈ ಇಡಬಾರದಾ ಅಣ್ಣ?"

ಅವಳು ಕೈಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿದಳು. ಚಿಂದಿಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಕುಳಿಗೆ ಒತ್ತಿ ಹಿಡಿದಳು. ಮೆತ್ತಗಾದ ಮೇಲೆ ಕೆರೆಯತೊಡಗಿದಳು. ಕೆಂಪು ಬಂತು. ಅದರ ಕೆಳಗೆ ಹಳದಿ. ಅದರ ಕೆಳಗೆ ಬಿಳಿ. ಮತ್ತೆ ಕೆಂಪು, ಹಳದಿ, ಬಿಳಿ. ಗಂಧ, ವಿಭೂತಿ, ಕುಂಕುಮ, ಇಂಜಿನ್ನಿನ ಶಾಖ ಎಲ್ಲ ಸೇರಿ ಕಲ್ಲಾಗಿತ್ತು. ಡ್ರೈವರ್ ಬಗ್ಗಿ ನೋಡುತ್ತಾ ಒಂದೊಂದು ಕೆಂಪಿಗೂ ಒಂದೊಂದು ವರ್ಷ ಎಣಿಸತೊಡಗಿದ. ಐದಾಯಿತು. ಎಂಟಾಯಿತು. ಕುಳಿ ಅವರು ಅಂದುಕೊಂಡದ್ದಕ್ಕಿಂತ ಆಳವಿತ್ತು. ಹನ್ನೊಂದನೆಯ ಕೆಂಪು ಎದ್ದ ಮೇಲೆ ಪಿನ್ನು ಯಾವುದಕ್ಕೋ ತಾಗಿ ಟಣ್ ಎಂದಿತು.

ಅವಳು ಚಿಂದಿಯಲ್ಲಿ ಒರೆಸಿದಳು. ಮೂವರೂ ತಲೆಗೆ ತಲೆ ತಾಗಿಸಿ ಬಗ್ಗಿದರು. ಕುಳಿಯ ತಳದಲ್ಲಿ ಆರು ಮೂಲೆಯ ಒಂದು ಬೋಲ್ಟು, ಆಗಷ್ಟೇ ಹುಟ್ಟಿದ ಹಾಗೆ ಹೊಳೆಯುತ್ತಾ ಕೂತಿತ್ತು.

ಡ್ರೈವರ್ ಕೆಳಗಿದ್ದ ಉಳಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡ.

"ಹೀಗೇ ಇರಬೇಕು ಅಂತ ನನಗೆ ಆಗಲೇ ಅನಿಸಿತ್ತು," ಎಂದ ಡ್ರೈವರ್.

ಹೆಂಡತಿ ಬಟ್ಟಲಿನ ಕಡೆ ನೋಡಿದಳು. "ಇದರಲ್ಲಿ ಎಷ್ಟಿವೆ?"

"ಆರು," ಎಂದ ಗೃಹಸ್ಥ.

"ಇದು ಏಳನೆಯದು. ಆರು ಬಿಚ್ಚಿದರೂ ಬರದಿದ್ದರೆ ಏಳನೆಯದು ಎಲ್ಲಿದೆ ಎಂದು ನಿಮ್ಮ ಕ್ಲಾಸಿನ ಕೊನೇ ಬೆಂಚಿನವನೂ ಹುಡುಕುತ್ತಿದ್ದ. ಬೆಳಗಿನಿಂದ ಹಟಮಾರಿ ಹಟಮಾರಿ ಎಂದು ಬೈದಿರಲ್ಲ ಅದನ್ನು. ಪಾಪ, ಬಿಡದೆ ಹಿಡಿದುಕೊಂಡಿದ್ದು ಇದು. ಇದನ್ನು ಮುಚ್ಚಿಟ್ಟದ್ದು ನೀವು."

ಗೃಹಸ್ಥ ತನ್ನ ಹೆಬ್ಬೆರಳು ನೋಡಿಕೊಂಡ.

ಬಾಕ್ಸ್ ಸ್ಪ್ಯಾನರನ್ನು ಕುಳಿಯೊಳಗೆ ಇಳಿಸಿ ತಿರುಗಿಸಿದ. ಬೋಲ್ಟು ತಕರಾರಿಲ್ಲದೆ ತಿರುಗಿತು. ಹನ್ನೊಂದು ವರ್ಷ ಅದಕ್ಕೆ ಗಾಳಿ, ನೀರು ಏನೂ ಸೋಕಿರಲಿಲ್ಲವಾದ್ದರಿಂದ ತುಕ್ಕಿನ ಚುಕ್ಕೆಯೂ ಇರಲಿಲ್ಲ. ಅದು ಮೇಲೆ ಬಂದ ಮೇಲೆ ಅವನು ಕವರನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದ. ಅನ್ನದ ಪಾತ್ರೆಯ ಮುಚ್ಚಳದ ಹಾಗೆ ಎದ್ದು ಬಂತು. ಕ್ಯಾಮೆರಾ ಇಲ್ಲದಿದ್ದರೂ ಅವನು ನಕ್ಕ.

ಆಮೇಲೆ ಮಾಡಲು ಹೆಚ್ಚಿರಲಿಲ್ಲ. ಹಳೆಯ ಪ್ಯಾಕಿಂಗ್ ಕಿತ್ತ. ಹೊಸದು ಕೂರಿಸಿದ. ಕವರು ಇಟ್ಟು ಏಳು ಬೋಲ್ಟು ಬಿಗಿದ, ಒಂದೊಂದನ್ನೂ ಬಾಯಿಬಿಟ್ಟು ಎಣಿಸಿದ. ಇಂಜಿನ್ ಶುರುಮಾಡಿದ. ಹೆಂಡತಿ ಕಾರಿನ ಕೆಳಗೆ ಒಂದು ಹಳೆಯ ಪೇಪರ್ ಹಾಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅದರ ಮುಂದೆ ಕುಕ್ಕರಗಾಲಲ್ಲಿ ಕೂತಳು. ಹತ್ತು ನಿಮಿಷವಾಯಿತು. ಹದಿನೈದು ನಿಮಿಷವಾಯಿತು. ಪೇಪರಿನ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಸರಿಯಾಗಿ ನಾಲ್ಕಕ್ಕೆ ಗುಜರಿಯವನು ಗಾಡಿ ತಳ್ಳಿಕೊಂಡು ಬಂದ. "ಇದೇನಾ ಅಮ್ಮಾ ಕಾರು?" ಎಂದ.

"ಕಾರು ಕೊಡುತ್ತಿಲ್ಲಪ್ಪ," ಎಂದಳು ಅವಳು. ಬಗ್ಗಿದ ಸ್ಕ್ರೂಡ್ರೈವರ್ ಕೊಟ್ಟಳು. ಹಿತ್ತಲಿನಿಂದ ಒಂದು ತೂತು ಬಕೆಟ್ಟು ತಂದು ಕೊಟ್ಟಳು. ಅವನು ಎಣ್ಣೆ ಮೆತ್ತಿದ ಸ್ಟೀಲ್ ಬಟ್ಟಲಿಗೂ ಕೈ ಚಾಚಿದ.

"ಅದು ಬೇಡ," ಎಂದಳು, ಗಂಡನ ಕಡೆ ತಿರುಗಿ. "ಅದನ್ನು ಹುಣಸೆಹಣ್ಣು ಹಾಕಿ ತಿಕ್ಕುವವರು ಇದ್ದಾರೆ."

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ನಗುತ್ತಿದ್ದ. ನಗುವಿನಲ್ಲಿ ಅವನ ಮುಂದಿನ ಕಾಳು ಅರ್ಧ ಹಾಗೇ ಉಳಿದಿತ್ತು.

"ಮುಂದಿನ ಆಯುಧಪೂಜೆಗೆ ಅವನು ಕುಂಕುಮ ಹಚ್ಚಿದನೇ ಗುರುಗಳೇ?"

"ಹಚ್ಚಿದ. ಹಚ್ಚಬೇಡ ಎಂದು ಹೇಳಿದವರು ಯಾರು? ಹಳೆಯದನ್ನು ಒರೆಸಿ, ಕೆಳಗೆ ಬೋಲ್ಟು ಕಾಣುತ್ತಿದೆಯೇ ಎಂದು ನೋಡಿ, ಆಮೇಲೆ ಹಚ್ಚಿದ."

ಶಿಷ್ಯ ಇನ್ನಷ್ಟು ನಕ್ಕ. ಆಮೇಲೆ ತಾನು ಬಂದ ಕೆಲಸ ನೆನಪಾಗಿ ಮುಖ ಸಣ್ಣದು ಮಾಡಿಕೊಂಡ.

"ಕತೆ ಚೆನ್ನಾಗಿದೆ. ಆದರೆ ಅದು ಕಾರು. ಪಿನ್ನು ತೆಗೆದುಕೊಂಡು ಕೆರೆದು ನೋಡಬಹುದು. ನಾನು ಕೇಳಿದ್ದು ಅಮ್ಮನ ವಿಷಯ. ಹೇಳಿದೆನಲ್ಲ, ಬುದ್ಧಿ ಹೇಳಿದ್ದಾಯಿತು, ಗದರಿದ್ದಾಯಿತು, ಉಪವಾಸವಾಯಿತು, ಕಾಲಿಗೆ ಬಿದ್ದದ್ದಾಯಿತು. ಇನ್ನೇನು ಉಳಿದಿದೆ? ನನಗೆ ಅವರು ದೇವರು, ಗುರುಗಳೇ."

ಗುರುಗಳು ಒಂದು ಕಾಳು ಹಿದುಕಿ ಬೇಳೆಯನ್ನು ಪಾತ್ರೆಗೆ ಹಾಕಿದರು.

"ದೇವರನ್ನು ಯಾಕೆ ಎಂದು ಕೇಳಲಾಗದು, ನಿಜ. ಯಾಕೆ ಒಲ್ಲೆ ಎಂದು ಅಮ್ಮನನ್ನು ಕೇಳಿದೆಯಾ?"

ಶಿಷ್ಯನ ಬೆರಳ ನಡುವಿನ ಕಾಳು ಸಿಪ್ಪೆಯೊಳಗೇ ಉಳಿಯಿತು.